ಇಷ್ಟು ಕಡೆ ದಾರಿ ಬಿಟ್ಟರೆ ಅದೆಂಥ ಅಗಳು?

ಓದುಗರ ಪತ್ರ:

“ಸಂಪಾದಕರಿಗೆ ನಮಸ್ಕಾರ. ಹಿಂದಿನ ಸಂಚಿಕೆಯಲ್ಲಿ ಇಂಗ್ಲೆಂಡಿನ ವಿಂಡ್‌ಮಿಲ್ ಹಿಲ್ ಗುಡ್ಡದ ಲೇಖನ ಓದಿದೆ. ಚಿತ್ರದ ಕೆಳಗೆ ‘5,600 ವರ್ಷ ಹಿಂದಿನ ಕೋಟೆ’ ಎಂದು ಹಾಕಿದ್ದೀರಿ. ನಕ್ಷೆ ನೋಡಿದರೆ ಮೂರು ಸುತ್ತು ಅಗಳಿದೆ, ಆದರೆ ಅಲ್ಲಲ್ಲಿ ಅಗೆಯದೇ ಬಿಟ್ಟಿದ್ದಾರೆ. ನಲವತ್ತು ವರ್ಷದಿಂದ ಅಡಿಕೆ ತೋಟಕ್ಕೆ ಅಗಳು ಹೊಡೆಸುತ್ತಿರುವವನು ನಾನು. ದಣಪೆಯ ಜಾಗ ಬಿಟ್ಟು ಇನ್ನೊಂದು ಕಡೆ ಮೂರಡಿ ಬಿಟ್ಟರೂ ದನ ಅಲ್ಲೇ ನುಗ್ಗುತ್ತದೆ. ಇಷ್ಟು ಕಡೆ ದಾರಿ ಬಿಟ್ಟರೆ ಅದೆಂಥ ಅಗಳು? ಅರ್ಧಕ್ಕೇ ಕೈಬಿಟ್ಟ ಕೆಲಸ ಅಲ್ವಾ? ಇನ್ನು, ತಳದಲ್ಲಿ ಸಿಕ್ಕ ಮೂಳೆಗಳನ್ನು ‘ಬೇಕೆಂದೇ ಇಟ್ಟದ್ದು’ ಎನ್ನುತ್ತೀರಿ. ನಮ್ಮ ಅಗಳಿಗೂ ನಾಯಿ ಬಿದ್ದು ಸತ್ತಿದೆ, ಕರು ಬಿದ್ದಿದೆ. ಎರಡು ಮಳೆಗಾಲಕ್ಕೆ ಧರೆ ಜರಿದು ಎಲ್ಲ ಮುಚ್ಚಿಕೊಳ್ಳುತ್ತದೆ. ಮುಂದೆ ಯಾರೋ ಅಗೆದು ಅದನ್ನೂ ಪೂಜೆ ಅಂದರೆ? ಕಡೆಗೆ, ನಮ್ಮ ನಾಡಿನಲ್ಲಿ ಇಂಥದ್ದು ಇಲ್ವಾ?”
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಲೇಖಕರು ಎಲ್ಲೂ ‘ಕೋಟೆ’ ಎಂದು ಬರೆದಿರಲಿಲ್ಲ. ಚಿತ್ರದ ಕೆಳಗಿನ ಸಾಲು ನಮ್ಮ ಮೇಜಿನ ಮೇಲೆ ಸೇರಿದ್ದು. ಕಂದಕ ಅಂದ ಕೂಡಲೇ ನಮಗೆ ಚಿತ್ರದುರ್ಗ, ಶ್ರೀರಂಗಪಟ್ಟಣ ಕಣ್ಣಿಗೆ ಬರುತ್ತವೆ. ಆ ಅಭ್ಯಾಸದಲ್ಲಿ ಕೈ ಓಡಿತು. ನಿಮ್ಮ ‘ಅಗಳು’ ಎಂಬ ಮಾತೇ ಅದಕ್ಕಿಂತ ಹತ್ತಿರದ್ದು. ಈ ಉತ್ತರದಲ್ಲಿ ಅದನ್ನೇ ಬಳಸುತ್ತೇನೆ.

ನಿಮ್ಮ ಮೊದಲ ಪ್ರಶ್ನೆ ಈ ವಿಷಯದ ಬುಡಕ್ಕೇ ಕೈ ಹಾಕಿದೆ. ವಿಂಡ್‌ಮಿಲ್ ಹಿಲ್ ಇರುವುದು ವಿಲ್ಟ್‌ಶೈರ್‌ನಲ್ಲಿ, ಏವ್ಬರಿ ಊರಿನಿಂದ ಎರಡು ಕಿಲೋಮೀಟರ್ ಆಸುಪಾಸಿನಲ್ಲಿ. ಸೀಮೆಸುಣ್ಣದಂಥ ಬಿಳಿ ಮೆದುಕಲ್ಲಿನ ಗುಡ್ಡ. ಹೊರಗಿನ ಸುತ್ತು ಈ ತುದಿಯಿಂದ ಆ ತುದಿಗೆ ಸುಮಾರು 360 ಮೀಟರ್, ಒಳಗಿನದು 85 ಮೀಟರ್ ಇರಬಹುದು. ಮೂರೂ ಸುತ್ತುಗಳು ತುಂಡು ತುಂಡು. ಒಂದಷ್ಟು ದೂರ ಅಗೆದಿದ್ದಾರೆ, ಸ್ವಲ್ಪ ನೆಲ ಹಾಗೇ ಬಿಟ್ಟಿದ್ದಾರೆ, ಮತ್ತೆ ಅಗೆದಿದ್ದಾರೆ. ಅಗೆದ ಆಯುಧ ಜಿಂಕೆಯ ಕೊಂಬು.

ಅರ್ಧಕ್ಕೆ ಬಿಟ್ಟ ಕೆಲಸವೇ? ಅಲ್ಲ ಎನ್ನಲು ಗಟ್ಟಿ ಕಾರಣವಿದೆ. ಈ ಗುಡ್ಡ ಒಂದೇ ಆಗಿದ್ದರೆ ನಿಮ್ಮ ಮಾತನ್ನು ಒಪ್ಪಬಹುದಿತ್ತು. ಬ್ರಿಟನ್ನಿನಲ್ಲಿ ಇಂಥ ಜಾಗಗಳು ಎಪ್ಪತ್ತರ ಆಸುಪಾಸು ಸಿಕ್ಕಿವೆ. ಫ್ರಾನ್ಸ್, ಜರ್ಮನಿ, ಡೆನ್ಮಾರ್ಕ್‌ಗಳಲ್ಲೂ ಇವೆ. ಎಲ್ಲ ಕಡೆ ಅದೇ ತುಂಡು ಅಗಳು, ಅದೇ ಬಿಟ್ಟ ನೆಲ. ಇಷ್ಟು ಊರಿನವರೆಲ್ಲ ಒಂದೇ ರೀತಿ ಕೆಲಸ ಅರ್ಧಕ್ಕೆ ಬಿಟ್ಟರು ಅನ್ನೋಕ್ಕಾಗಲ್ಲ. ಇನ್ನೊಂದು ಸುಳಿವು ಇದಕ್ಕಿಂತ ದೊಡ್ಡದು. ಇಂಥ ಎಷ್ಟೋ ಜಾಗಗಳಲ್ಲಿ ತುಂಬಿಹೋದ ತುಂಡನ್ನೇ ಜನ ಮತ್ತೆ ಬಂದು ಅಗೆದಿದ್ದಾರೆ. ಕೆಲವು ಕಡೆ ಮತ್ತೆ ಮತ್ತೆ. ಹಾಗೆ ಅಗೆಯುವಾಗಲೂ ನಡುವೆ ಬಿಟ್ಟ ನೆಲವನ್ನು ಹೆಚ್ಚಿನ ಕಡೆ ಮುಟ್ಟಿಲ್ಲ. ಮುಗಿಸಬೇಕೆಂದಿದ್ದರೆ ಆಗಲಾದರೂ ಸೇರಿಸಿಬಿಡುತ್ತಿದ್ದರು.

ಇದನ್ನು ಓದುವಾಗ ನನಗೆ ನನ್ನ ಅಜ್ಜಿಯ ಊರಿನ ಕೆರೆ ನೆನಪಾಗುತ್ತದೆ. ಬೇಸಿಗೆಯಲ್ಲಿ ಹೂಳು ತೆಗೆಯುವಾಗ ಮನೆಗೆ ಇಷ್ಟು ಮಾರು ಅಂತ ಅಳತೆ. ಒಬ್ಬರ ಪಾಲಿಗೂ ಇನ್ನೊಬ್ಬರ ಪಾಲಿಗೂ ನಡುವೆ ಗೇಣಗಲದ ಬದು ಉಳಿಯುತ್ತಿತ್ತು. ಯಾರ ಪಾಲು ಎಷ್ಟು ಆಳ ಹೋಯಿತು ಎಂದು ದಡದಲ್ಲಿ ನಿಂತವರಿಗೆಲ್ಲ ಕಾಣುತ್ತಿತ್ತು. ಕೊನೆಯ ದಿನ ಆ ಬದುಗಳನ್ನು ಕಡಿದು ಹಾಕುತ್ತಿದ್ದರು. ವಿಂಡ್‌ಮಿಲ್ ಹಿಲ್‌ನವರು ಆ ಬದುಗಳನ್ನು ಕಡಿಯಲೇ ಇಲ್ಲ. ಒಂದೊಂದು ತುಂಡು ಒಂದೊಂದು ಮನೆತನದ್ದೋ ಗುಂಪಿನದ್ದೋ ಇರಬೇಕು ಎಂದು ಬಹಳ ಪುರಾತತ್ವಜ್ಞರು ಹೇಳುವುದು ಇದಕ್ಕೇ. ಕೆರೆಯಲ್ಲಿ ಬೇಕಾದದ್ದು ನೀರು, ಹಾಗಾಗಿ ಬದು ಹೋಗಲೇಬೇಕು. ಇಲ್ಲಿ ಬೇಕಾದದ್ದು ಸೇರುವುದು ಮತ್ತು ಅಗೆಯುವುದು ಎಂದು ನನ್ನ ನಂಬಿಕೆ. ದನ ತಡೆಯುವುದಾಗಲಿ ಶತ್ರುವನ್ನು ತಡೆಯುವುದಾಗಲಿ ಈ ಅಗಳಿನ ಮೊದಲ ಕೆಲಸ ಆಗಿರಲಿಲ್ಲ. ಅದಕ್ಕೇ ನಿಮ್ಮ ತೋಟದ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಪಂಡಿತರಿಗೂ ಇದು ಮೊದಲ ನೋಟಕ್ಕೆ ಹೊಳೆದದ್ದಲ್ಲ. ಗುಡ್ಡದ ಮೇಲೆ ವೈರ್‌ಲೆಸ್ ಕಂಬ ನೆಡುವ ಯೋಜನೆ ಬಂದಾಗ ಅದನ್ನು ತಪ್ಪಿಸಲು ಓಡಾಡಿ, ಕೊನೆಗೆ 1924ರಲ್ಲಿ ಗುಡ್ಡವನ್ನೇ ಕೊಂಡವರು ಅಲೆಗ್ಸಾಂಡರ್ ಕೀಲರ್. ಡಂಡೀ ಊರಿನ ಮಾರ್ಮಲೇಡ್ ವ್ಯಾಪಾರದ ಮನೆತನದವರು. 1925ರಿಂದ 1929ರವರೆಗೆ ಅಗೆಸಿದರು. ಆ ಕಾಲದವರು ಅಗಳಿನೊಳಗೆ ಮಡಕೆ ಚೂರು, ಮೂಳೆ, ಬೂದಿ ಕಂಡು, ಜನ ಅಗಳಿನ ಒಳಗೇ ವಾಸವಿದ್ದರು ಎಂದುಕೊಂಡರು. ಸುಮಾರು ನಲವತ್ತು ವರ್ಷದ ಮೇಲೆ ಇಸೊಬೆಲ್ ಸ್ಮಿತ್ ಎಂಬ ಪುರಾತತ್ವಜ್ಞೆ ಕೀಲರ್ ಬಿಟ್ಟುಹೋದ ಟಿಪ್ಪಣಿ, ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಕೂತರು. 1965ರಲ್ಲಿ ವರದಿ ತಂದರು. ಇದು ಜನ ಆಗಾಗ ಬಂದು ಸೇರುತ್ತಿದ್ದ ಜಾಗ, ಊಟ ಮಾಡಿ ಉಳಿದದ್ದನ್ನು ಬೇಕೆಂದೇ ಹೂಳಿದ್ದಾರೆ ಎಂದು ಹೇಳಿದವರು ಅವರು. ಬೇರೆಯವರ ಪೆಟ್ಟಿಗೆಗಳೊಳಗಿಂದ ಇಷ್ಟು ಸ್ಪಷ್ಟವಾಗಿ ಕಂಡ ಆ ಹೆಣ್ಣುಮಗಳ ಬಗ್ಗೆ ನನಗೆ ತುಂಬಾ ಗೌರವ.

ಈಗ ನಿಮ್ಮ ಎರಡನೇ ಪ್ರಶ್ನೆ. ಬಿದ್ದು ಸತ್ತ ನಾಯಿ, ಜರಿದ ಧರೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಇದೇ ಅನುಮಾನ ಬಂದ ಇಂಗ್ಲೆಂಡಿನವರು 1960ರಲ್ಲಿ ಒಂದು ಕೆಲಸ ಮಾಡಿದರು. ಅದೇ ಸೀಮೆಯ ಓವರ್ಟನ್ ಡೌನ್ ಎಂಬಲ್ಲಿ ಹೊಸದಾಗಿ ಒಂದು ಅಗಳು ತೋಡಿ, ಪಕ್ಕದಲ್ಲಿ ದಿಬ್ಬ ಹಾಕಿದರು. ದಿಬ್ಬದೊಳಗೆ ಬಟ್ಟೆ, ಚರ್ಮ, ಮರ, ಮೂಳೆ ಹೂಳಿದರು. ಕೆಲಸದ ಒಂದು ಪಾಲನ್ನು ಜಿಂಕೆ ಕೊಂಬು, ದನದ ಹೆಗಲ ಮೂಳೆ ಹಿಡಿದೇ ಮಾಡಿ ನೋಡಿದರು. ಆಮೇಲೆ ಸುಮ್ನೆ ಬಿಟ್ಟರು. 2, 4, 8, 16, 32, 64, 128 ವರ್ಷಗಳಿಗೆ ಒಮ್ಮೊಮ್ಮೆ ಒಂದು ಪಕ್ಕೆ ಕತ್ತರಿಸಿ ನೋಡುವುದೆಂದು ಆಗಲೇ ಬರೆದಿಟ್ಟರು. ಕೊನೆಯ ಸರದಿ 2088ಕ್ಕೆ. ಶುರು ಮಾಡಿದವರಲ್ಲಿ ಯಾರೂ ಅದನ್ನು ನೋಡುವುದಿಲ್ಲ ಎಂದು ಗೊತ್ತಿದ್ದೇ ಶುರು ಮಾಡಿದ ಕೆಲಸ ಅದು.

ಅಲ್ಲಿ ಕಂಡದ್ದು ನೀವು ಹೇಳಿದ ಹಾಗೇ ಇತ್ತು. ಮೊದಲ ಕೆಲವೇ ವರ್ಷಗಳಲ್ಲಿ ಪಕ್ಕೆ ಉದುರಿ ತಳ ಮುಚ್ಚಿಹೋಯಿತು. ನಮ್ಮಲ್ಲಿ ಮಳೆ ಮಾಡುವ ಕೆಲಸವನ್ನು ಅಲ್ಲಿ ಚಳಿಗಾಲದ ಹಿಮ ಮಾಡುತ್ತದೆ. ಆಮೇಲೆ ಹುಲ್ಲು ಹಬ್ಬಿ, ತುಂಬುವುದು ನಿಧಾನವಾಯಿತು. ಈಗ ಅಗೆಯುವವರಿಗೆ ತಾನಾಗಿ ಜರಿದ ಮಣ್ಣು ಹೇಗೆ ಕೂತಿರುತ್ತದೆ ಎಂಬುದಕ್ಕೆ ಒಂದು ಅಳತೆಗೋಲಿದೆ. ಎರಡೂ ಪಕ್ಕೆಯಿಂದ ಇಳಿಜಾರಾಗಿ ಬಂದು ಮೂಲೆಗಳಲ್ಲಿ ದಪ್ಪ, ನಡುವೆ ತೆಳು. ಒಂದೇ ಕಡೆಯಿಂದ ಸುರಿದ ಮಣ್ಣು ಹಾಗೆ ಕೂರುವುದಿಲ್ಲ. ತುಂಬಿದ ಮೇಲೆ ಮತ್ತೆ ಅಗೆದ ಗುಂಡಿಯ ಅಂಚು ಹಳೆಯ ಪದರಗಳನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ನಲವತ್ತು ವರ್ಷ ಅಗಳು ನೋಡಿದ ನಿಮಗೆ ಈ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ವಿಂಡ್‌ಮಿಲ್ ಹಿಲ್‌ನ ಅಗಳಿನಲ್ಲಿ ಇಡೀ ನಾಯಿಯ ಅಸ್ಥಿಪಂಜರ ಸಿಕ್ಕಿದೆ, ಮೇಕೆಯದ್ದೂ ಸಿಕ್ಕಿದೆ. ಇವು ಬಿದ್ದು ಸತ್ತಿರಬಹುದು ಎಂದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಆದರೆ ಮಿಕ್ಕ ಮೂಳೆಗಳು ಹಾಗಿಲ್ಲ. ಹೆಚ್ಚಿನವು ದನದವು, ಕಡಿದು ತಿಂದು ಬಿಟ್ಟವು. ಅಗಳಿನುದ್ದಕ್ಕೂ ಚೆಲ್ಲಾಡಿಲ್ಲ, ಅಲ್ಲಲ್ಲಿ ರಾಶಿಯಾಗಿ ಬಿದ್ದಿವೆ. 1988ರಲ್ಲಿ ಅಲಸ್ಡೇರ್ ವಿಟಲ್ ಮತ್ತು ಅವರ ತಂಡ ಅಲ್ಲಿ ಮತ್ತೆ ಅಗೆದರು. ಅವರಿಗೆ ಸಿಕ್ಕ ಒಂದು ವಸ್ತುವನ್ನು ನಿಮ್ಮ ಮುಂದಿಡುತ್ತೇನೆ. ದನದ ಮುಂಗಾಲಿನ ಒಂದು ದಪ್ಪ ಮೂಳೆ. ಅದರ ಪೊಳ್ಳಿನೊಳಗೆ ಇನ್ನೊಂದು ಸಣ್ಣ ಮೂಳೆ ತೂರಿಸಿದೆ. ಆ ಸಣ್ಣದು ಎಳೆ ಮಗುವಿನ ತೊಡೆಯ ಮೂಳೆ. ಮಳೆ ಇದನ್ನು ಮಾಡಲಾರದು, ಜರಿದ ಧರೆಯೂ ಮಾಡಲಾರದು. ಯಾರೋ ಕೈಯಲ್ಲಿ ಹಿಡಿದು ಒಂದರೊಳಗೊಂದು ಸೇರಿಸಿದ್ದಾರೆ. ಅವರ ಪಾಲಿಗೆ ಮಗುವೂ ದನವೂ ಒಂದೇ ಮನೆಯವರಾಗಿದ್ದವೋ ಏನೋ ಎಂದು ನನಗನ್ನಿಸುತ್ತದೆ. ನಾನು ಇದನ್ನು ಓದಿದ ದಿನ ಮುಂದೆ ಓದಲಾಗಲಿಲ್ಲ.

ಅದೇ ಅಗಳಿನಲ್ಲಿ ಸಿಕ್ಕ ಮೂರು ವರ್ಷದ ಆಸುಪಾಸಿನ ಇನ್ನೊಂದು ಮಗುವಿನ ಅಸ್ಥಿ ಏವ್ಬರಿಯ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಮತ್ತೆ ಮಣ್ಣಿಗೆ ಕೊಡಿ ಎಂದು, ಬ್ರಿಟನ್ನಿನ ಹಳೆಯ ನಂಬಿಕೆಗಳನ್ನು ಈಗಲೂ ಅನುಸರಿಸುತ್ತೇವೆ ಎನ್ನುವ ಡ್ರೂಯಿಡ್ ಪಂಥದವರು 2006ರಲ್ಲಿ ಕೇಳಿಕೊಂಡರು. ಜನಾಭಿಪ್ರಾಯ ಕೇಳಿ, 2010ರಲ್ಲಿ ಅಲ್ಲೇ ಇಡುವುದೆಂದು ತೀರ್ಮಾನವಾಯಿತು. ಈ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಒಂದು ಕಡೆಗಿಲ್ಲ. ಆ ಮೂಳೆಗಳಿಂದ ತಿಳಿಯುವುದು ಇನ್ನೂ ಇದೆ, ಅದು ನಿಜ. ಮಗುವನ್ನು ಅಲ್ಲಿ ಮಲಗಿಸಿದವರು ಅದು ಅಲ್ಲೇ ಇರಲಿ ಎಂದೇ ಮಲಗಿಸಿದ್ದರು, ಅದೂ ನಿಜ.

ಇನ್ನೊಂದು ಉದಾಹರಣೆ ಪೀಟರ್‌ಬರೋ ಹತ್ತಿರದ ಎಟ್ಟನ್‌ನದು. 1980ರ ದಶಕದಲ್ಲಿ ಫ್ರಾನ್ಸಿಸ್ ಪ್ರಯರ್ ಅಗೆಸಿದ ಜಾಗ. ತಗ್ಗು ಪ್ರದೇಶ, ಅಗಳಿನ ತಳ ಸದಾ ನೀರಿನಲ್ಲೇ ಇತ್ತು. ಹಾಗಾಗಿ ಬೇರೆಡೆ ಕೊಳೆತುಹೋಗುವುದೆಲ್ಲ ಅಲ್ಲಿ ಉಳಿದಿತ್ತು. ಅಗಸೆ ನಾರಿನ ಹುರಿ ಸಿಕ್ಕಿತು. ಬರ್ಚ್ ಮರದ ತೊಗಟೆಯ ಹಾಸಿನ ಮೇಲೆ ಇಟ್ಟ ಮಡಕೆ ಸಿಕ್ಕಿತು. ಕಸ ಎಸೆಯುವವರು ಕೆಳಗೆ ಹಾಸು ಹಾಕುವುದಿಲ್ಲ, ಅಲ್ವಾ?

ಇಷ್ಟು ಹೇಳಿ ‘ಕೋಟೆಯೇ ಅಲ್ಲ, ಬರೀ ಜಾತ್ರೆ’ ಎಂದು ಮುಗಿಸಿದರೆ ನಿಮಗೆ ಮೋಸ ಮಾಡಿದಂತೆ. ಗ್ಲಾಸ್ಟರ್‌ಶೈರ್‌ನ ಕ್ರಿಕ್ಲಿ ಹಿಲ್‌ನಲ್ಲಿ 400ಕ್ಕೂ ಹೆಚ್ಚು ಚಕಮಕಿ ಕಲ್ಲಿನ ಬಾಣದ ಮೊನೆಗಳು ಸಿಕ್ಕಿವೆ. ಅವು ಬಾಗಿಲಿನ ಸುತ್ತಮುತ್ತ ಒತ್ತಾಗಿ ಬಿದ್ದಿದ್ದವು. ಡಾರ್ಸೆಟ್‌ನ ಹ್ಯಾಂಬಲ್ಡನ್ ಹಿಲ್‌ನಲ್ಲಿ ರೋಜರ್ ಮರ್ಸರ್ 1974ರಿಂದ 1986ರವರೆಗೆ ಅಗೆಸಿದರು. ಒಂದು ಕಡೆ ಅಗಳಿನ ತಳದಲ್ಲಿ ಮನುಷ್ಯರ ತಲೆಬುರುಡೆಗಳನ್ನು ಇಟ್ಟಿದ್ದರು. ಅದೇ ಗುಡ್ಡದ ಇನ್ನೊಂದು ಕಡೆ ಮರದ ಬೇಲಿ ಸುಟ್ಟ ಗುರುತು, ಎದೆಯಲ್ಲಿ ಬಾಣದ ಮೊನೆ ನಾಟಿದ್ದ ಯುವಕನ ಅಸ್ಥಿ ಸಿಕ್ಕವು. ಜನ ಸೇರುವ ಕಡೆ ಜಗಳವೂ ಸೇರುತ್ತದೆ. ಕೆಲವು ಜಾಗಗಳನ್ನು ಆಮೇಲೆ ಭದ್ರ ಮಾಡಿಕೊಂಡರು. ವಿಂಡ್‌ಮಿಲ್ ಹಿಲ್‌ನಲ್ಲಿ ಮಾತ್ರ ಇಂಥ ಕಾದಾಟದ ಗುರುತು ಕಾಣುವುದಿಲ್ಲ. ಹಾಗಾಗಿ ನಮ್ಮ ಚಿತ್ರಕ್ಕೆ ಆ ಸಾಲು ತಪ್ಪೇ.

ಎಲ್ಲಿಂದ ಬಂದು ಸೇರುತ್ತಿದ್ದರು ಎನ್ನುವುದಕ್ಕೆ ಮಡಕೆಗಳೇ ಸಾಕ್ಷಿ ಹೇಳುತ್ತವೆ. ವಿಂಡ್‌ಮಿಲ್ ಹಿಲ್‌ನಲ್ಲಿ ಸಿಕ್ಕ ಕೆಲವು ಚೂರುಗಳ ಮಣ್ಣು ಕಾರ್ನ್‌ವಾಲ್‌ನ ಲಿಜರ್ಡ್ ಎಂಬ ಭೂಚಾಚಿನದು. ಅಲ್ಲಿಂದ ಇಲ್ಲಿಗೆ 250 ಕಿಲೋಮೀಟರ್‌ಗೂ ಜಾಸ್ತಿ. ರಸ್ತೆಯಿಲ್ಲ, ಗಾಡಿಯಿಲ್ಲ. ಮಡಕೆ ಒಡೆಯದ ಹಾಗೆ ಅಷ್ಟು ದೂರ ತಂದಿದ್ದಾರೆ, ಅಥವಾ ಕೈಯಿಂದ ಕೈಗೆ ದಾಟಿಸಿದ್ದಾರೆ.

ಕಾಲದ ಬಗ್ಗೆಯೂ ಒಂದು ಮಾತು. ಇಂಥ ಜಾಗಗಳು ಸಾವಿರ ವರ್ಷದ ಉದ್ದಕ್ಕೂ ಒಂದೊಂದಾಗಿ ಬಂದವು ಎಂದು ಹಿಂದೆ ಅಂದುಕೊಂಡಿದ್ದರು. ವಿಟಲ್, ಫ್ರಾನ್ಸೆಸ್ ಹೀಲಿ, ಅಲೆಕ್ಸ್ ಬೇಲಿಸ್ ಸೇರಿ ನೂರಾರು ಇಂಗಾಲದ ಕಾಲಮಾಪನಗಳನ್ನು ಪದರಗಳ ಕ್ರಮದ ಜೊತೆ ಹೊಂದಿಸಿ 2011ರಲ್ಲಿ ಹೊಸ ಲೆಕ್ಕ ಕೊಟ್ಟರು. ದಕ್ಷಿಣ ಇಂಗ್ಲೆಂಡಿನಲ್ಲಿ ಕ್ರಿ.ಪೂ. 3700ರ ಆಸುಪಾಸಿನಿಂದ ಕೆಲವೇ ತಲೆಮಾರುಗಳಲ್ಲಿ ಇವು ಒಮ್ಮೆಲೇ ಹಬ್ಬಿದವು. ವಿಂಡ್‌ಮಿಲ್ ಹಿಲ್‌ನ ಮೂರೂ ಸುತ್ತು ಒಬ್ಬರ ಆಯಸ್ಸಿನ ಅಳತೆಯೊಳಗೇ ಬಂದಂತಿದೆ. ಮೊದಲು ಒಳಗಿನದು, ಆಮೇಲೆ ಹೊರಗಿನದು, ಕೊನೆಗೆ ನಡುವಿನದು. ಮೊದಲ ಸುತ್ತು ಅಗೆಯುವಾಗ ಮಣ್ಣು ಹೊತ್ತ ಹುಡುಗಿ ಮುದುಕಿಯಾಗಿ ಮೂರನೆಯದನ್ನು ಕಂಡಿರಬಹುದು.

ಕಡೆಯ ಪ್ರಶ್ನೆ, ನಮ್ಮ ನಾಡಿನದು. ಇದೇ ಬಗೆಯ ತುಂಡು ಅಗಳು ಎಂದು ಬೆಟ್ಟು ಮಾಡಿ ತೋರಿಸುವಂಥದ್ದು ನಮ್ಮಲ್ಲಿಲ್ಲ. ಇಂಗ್ಲೆಂಡಿನ ಆ ಜನಕ್ಕೂ ನಮ್ಮವರಿಗೂ ಸಂಬಂಧವೂ ಇಲ್ಲ. ಆದರೆ ದನದ ಸುತ್ತ ಜನ ಸೇರಿದ ಜಾಗ ಬೇಕಾದರೆ ಬೂದಿದಿಬ್ಬಗಳನ್ನು ನೋಡಿ. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಇವು ಬೇಕಾದಷ್ಟಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಈಗ ತೆಲಂಗಾಣದಲ್ಲಿರುವ ಊಟ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಅಗೆದಾಗ ಕಂಬ ನೆಟ್ಟ ಗುಂಡಿಗಳ ಸಾಲು ಸಿಕ್ಕಿತು, ದನದ ಗೊರಸಿನ ಅಚ್ಚೂ ಸಿಕ್ಕಿತು. ಕಂಬದ ಬೇಲಿಯ ದೊಡ್ಡಿ, ಒಳಗೆ ಕೂಡಿದ ಸಗಣಿ, ಅದಕ್ಕೆ ಮತ್ತೆ ಮತ್ತೆ ಹಚ್ಚಿದ ಬೆಂಕಿ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ವರ್ಷಗಟ್ಟಲೆ ಅಗೆಸಿ ದೊಡ್ಡಿಯ ಪಕ್ಕದಲ್ಲೇ ಮನೆಗಳನ್ನು, ದನ ಕಡಿದು ಹಂಚುತ್ತಿದ್ದ ನೆಲವನ್ನು, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳನ್ನು ಕಂಡರು. ಇವೆಲ್ಲ ಸುಮಾರು ನಾಲ್ಕರಿಂದ ಐದು ಸಾವಿರ ವರ್ಷ ಹಿಂದಿನವು. ಇದರ ಬಗ್ಗೆ ಬೇರೆಯೇ ಲೇಖನ ಆಗಬೇಕು, ಮಾಡುತ್ತೇವೆ. ಎಷ್ಟೋ ದಿಬ್ಬಗಳನ್ನು ಗೊಬ್ಬರಕ್ಕೆಂದು ಹೊಲಕ್ಕೆ ಹೊತ್ತು ಹಾಕಿಬಿಟ್ಟಿದ್ದಾರೆ. ಹಾಗಾಗಿ ಬೇಗ ಮಾಡಬೇಕು.

ಚಿತ್ರದ ಸಾಲನ್ನು ಹೀಗೆ ತಿದ್ದಿ ಓದಿಕೊಳ್ಳಿ: ‘ವಿಂಡ್‌ಮಿಲ್ ಹಿಲ್: 5,600 ವರ್ಷ ಹಿಂದೆ ಜನ ಸೇರಿ ಅಗೆದ ಮೂರು ಸುತ್ತಿನ ಅಗಳು.’ ಮತ್ತೆ ಒಂದು ಕೋರಿಕೆ. ಈ ಬೇಸಿಗೆಯಲ್ಲಿ ನಿಮ್ಮ ಹಳೆಯ ಅಗಳನ್ನು ಎಲ್ಲಾದರೂ ಅಡ್ಡ ಕಡಿಸುವುದಾದರೆ ಆ ಪಕ್ಕೆಯ ಒಂದು ಫೋಟೋ ಕಳಿಸಿ. ಯಾವ ಪದರ ಯಾವ ಮಳೆಗಾಲದ್ದು ಎಂದು ನೀವೇ ಗುರುತು ಹಾಕಿ ಕೊಟ್ಟರೆ ಬೂದಿದಿಬ್ಬದ ಲೇಖನದ ಪಕ್ಕದಲ್ಲಿ ಅಚ್ಚು ಹಾಕುತ್ತೇವೆ.