ಆ ನೀರಿನಲ್ಲಿ ಏನಿದೆ ಅಂತ ಮೊದಲು ಕೇಳಿ

ಓದುಗರ ಪತ್ರ (ಸಂಕ್ಷಿಪ್ತ): ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯವಳು. ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ 4ನೇ ಕ್ಲಾಸು, ಮಗ ಪಕ್ಕದ ಅಂಗನವಾಡಿಗೆ ಹೋಗುತ್ತಾನೆ. ಶಾಲೆಯಲ್ಲಿ 62 ಮಕ್ಕಳಿದ್ದಾರೆ. ಯಾರೋ ದಾನ ಕೊಟ್ಟಿದ್ದ ಫಿಲ್ಟರ್ ಕೆಟ್ಟು ವರ್ಷ ದಾಟಿತು. ಈಗ ಮಕ್ಕಳು ಬೋರಿನ ನೀರು ತುಂಬಿದ ಸಿಂಟೆಕ್ಸ್ ಟ್ಯಾಂಕಿನ ನಲ್ಲಿಗೇ ಬಾಯಿ ಹಚ್ಚುತ್ತಾರೆ. ಮೇಷ್ಟ್ರು ‘ಕಾಯಿಸಿ ಆರಿಸಿದ ನೀರು ಬಾಟಲಿಯಲ್ಲಿ ಕೊಟ್ಟು ಕಳಿಸಿ’ ಅಂತಾರೆ. ಕೆಲವರು ಮನೆಗೆ ತಿಂಗಳಿಗೆ 30 ರೂಪಾಯಿ ಹಾಕಿ ಕ್ಯಾನ್ ತರಿಸೋಣ ಅಂತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಾನು ಮಾತೆತ್ತಿದ್ದಕ್ಕೆ ‘ನಿನ್ನ ಮಕ್ಕಳಿಗೆ ನೀನು ಕೊಟ್ಟು ಕಳಿಸು, ಸುಮ್ನಿರು’ ಅಂದರು. ನಾನು ಕೇಳಿದ್ದು ತಪ್ಪಾ? ಕಾಯಿಸಿದ ನೀರು ಸಾಕಾ? ಹೊಸ ಫಿಲ್ಟರಿಗೆ ಯಾರನ್ನು ಕೇಳಬೇಕು?

ಸಂಪಾದಕರ ಉತ್ತರ:

ತಾಯೀ, ನಮಸ್ಕಾರ.

ನೀವು ಕೇಳಿದ್ದು ತಪ್ಪಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವಾಗಿದ್ದು ಆ ‘ಸುಮ್ನಿರು’ ಅನ್ನೋ ಮಾತು. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಸುರಕ್ಷಿತ ಕುಡಿಯುವ ನೀರು ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆರು ತಿಂಗಳ ಗಡುವು ಕೊಟ್ಟು, ಶಾಲೆಗಳಲ್ಲಿ ನೀರು ಮತ್ತು ಶೌಚಾಲಯ ಆಗಲೇಬೇಕು ಅಂದಿತ್ತು. ನೀವು ಬೇಡಿದ್ದಲ್ಲ, ನಿಮ್ಮದನ್ನು ನೀವು ಕೇಳಿದ್ದು. ಮುಂದಿನ ಸಭೆಯಲ್ಲೂ ಕೇಳಿ.

ಆದರೆ ಹೊಸ ಫಿಲ್ಟರ್ ಕೇಳುವ ಮೊದಲು ಇನ್ನೊಂದನ್ನು ಕೇಳಬೇಕು. ನಿಮ್ಮ ಶಾಲೆಯ ಬೋರಿನ ನೀರಿನಲ್ಲಿ ಏನಿದೆ? ಪತ್ರವನ್ನು ಎರಡು ಸಲ ಓದಿದೆ. ಫಿಲ್ಟರ್ ಇದೆ, ಕ್ಯಾನ್ ಇದೆ, ಬಾಟಲಿ ಇದೆ. ನೀರಿನ ಪರೀಕ್ಷೆಯ ಮಾತೇ ಇಲ್ಲ. ನಿಮ್ಮ ತಪ್ಪಲ್ಲ, ನಮ್ಮ ಕಡೆ ಯಾರೂ ಕೇಳುವುದಿಲ್ಲ.

ಯಾಕೆ ಕೇಳಬೇಕು ಅನ್ನುವುದಕ್ಕೆ ನನ್ನ ಹಲ್ಲಿನ ಕಥೆ ಹೇಳಬೇಕು. ನಾನು ಹುಟ್ಟಿ ಬೆಳೆದದ್ದೂ ಇಂಥದೇ ಒಂದು ಬೋರಿನ ಊರಲ್ಲಿ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ, ಅಡ್ಡಕ್ಕೆ, ಚಹಾ ಚೆಲ್ಲಿದ ಕಲೆ ಒಣಗಿದ ಹಾಗೆ. ಚಿಕ್ಕವನಿದ್ದಾಗ ಅವ್ವ ಅದನ್ನು ಕೊಳೆ ಅಂದುಕೊಂಡಿದ್ದಳು. ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಒಲೆ ಬೂದಿಗೆ ಉಪ್ಪು ಬೆರೆಸಿ, ವಸಡಿನಲ್ಲಿ ರಕ್ತ ಬರುವವರೆಗೂ ತನ್ನ ಬೆರಳಿನಿಂದಲೇ ಉಜ್ಜುತ್ತಿದ್ದಳು. ‘ಸರಿಯಾಗಿ ಉಜ್ಜಲ್ಲ ನೀನು’ ಅಂತ ಬೈಗುಳ ಬೇರೆ. 7ನೇ ಕ್ಲಾಸಿನ ಗ್ರೂಪ್ ಫೋಟೋ ಈಗಲೂ ನನ್ನ ಹತ್ತಿರ ಇದೆ. ಎರಡನೇ ಸಾಲಿನಲ್ಲಿ ಐದು ಜನ ಹುಡುಗರು ಬಾಯಿ ಬಿಗಿಹಿಡಿದು ನಿಂತಿದ್ದೇವೆ. ಫೋಟೋದವರು ನಗಿ ಅಂದರೂ ನಕ್ಕಿಲ್ಲ. ಅದು ಕೊಳೆಯಲ್ಲ, ಬೋರಿನ ನೀರಿನ ಫ್ಲೋರೈಡ್ ಮಾಡಿದ ಕಲೆ ಅಂತ ನನಗೆ ಗೊತ್ತಾಗಿದ್ದು ದಾವಣಗೆರೆಗೆ ಓದಲು ಬಂದ ಮೇಲೆ. ಅವ್ವನಿಗೆ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ.

ನಮ್ಮ ದಾವಣಗೆರೆ, ಚಿತ್ರದುರ್ಗ ಸೀಮೆಯ ನೆಲದಡಿ ಗಟ್ಟಿ ಕಲ್ಲು. ಆ ಕಲ್ಲಿನಲ್ಲೇ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಕಲ್ಲಿನ ಬಿರುಕಿನಲ್ಲಿ ಎಷ್ಟು ಕಾಲ ನಿಲ್ಲುತ್ತದೋ ಅಷ್ಟು ಫ್ಲೋರೈಡ್ ಅದರೊಳಗೆ ಇಳಿಯುತ್ತದೆ. ತೆರೆದ ಬಾವಿ ಬತ್ತಿ, ಬೋರು ಆರುನೂರು ಏಳುನೂರು ಅಡಿಗೆ ಹೋದ ಮೇಲೆ ನಾವು ಕುಡಿಯುತ್ತಿರುವುದು ಕಲ್ಲಿನೊಳಗೆ ಬಹಳ ವರ್ಷ ನಿಂತ ನೀರು. ಬಣ್ಣ ಇಲ್ಲ, ವಾಸನೆ ಇಲ್ಲ, ನೋಡಲು ತಿಳಿ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅನ್ನುವ ಕಡೆ 1.5ರವರೆಗೆ ಒಪ್ಪುತ್ತಾರೆ. ಅದರ ಮೇಲೆ ಕುಡಿಯಬಾರದು.

ಈಗ ನಿಮ್ಮ ಎರಡನೇ ಪ್ರಶ್ನೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅಂದರೆ ಕಾಯಿಸಿದಷ್ಟೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಮೇಷ್ಟ್ರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರು ರೋಗಾಣುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ. ರೋಗಾಣು ಸಾಯಲು ನೀರು ಕೊತಕೊತ ಅಂತ ಒಂದು ನಿಮಿಷ ಕುದಿದರೆ ಸಾಕು. ಅದೂ ಸಣ್ಣ ವಿಷಯ ಅಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜೀವಗಳೇ ಹೋದವು. ಮರೆತಿಲ್ಲ ಅಲ್ವಾ? ರೋಗಾಣು ಎರಡು ದಿನದಲ್ಲಿ ಮಲಗಿಸುತ್ತದೆ, ಫ್ಲೋರೈಡ್ ವರ್ಷಗಟ್ಟಲೆ ಸುಮ್ಮನಿದ್ದು ಹಲ್ಲಿನಲ್ಲಿ, ಆಮೇಲೆ ಮಂಡಿಯಲ್ಲಿ, ಬೆನ್ನಿನಲ್ಲಿ ಕಾಣಿಸಿಕೊಳ್ಳುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಅದಕ್ಕೇ ಮೊದಲು ಪರೀಕ್ಷೆ ಅಂದಿದ್ದು.

ಇಲ್ಲಿ ನಿಮ್ಮ ಮಗನ ವಿಷಯ ಬರುತ್ತದೆ. ನೀವು ಮಗಳ ಬಗ್ಗೆ ಎರಡು ಪುಟ ಬರೆದಿದ್ದೀರಿ, ಅಂಗನವಾಡಿಯ ಮಗನ ಬಗ್ಗೆ ಒಂದೇ ಸಾಲು. ನನಗೆ ಅವನದೇ ಜಾಸ್ತಿ ಚಿಂತೆ. ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಕಲೆ ಬೀಳುವುದು ಆಗಲೇ. ಆರನೇ ವರ್ಷಕ್ಕೆ ಹಲ್ಲು ಹೊರಗೆ ಬಂದಾಗ ನಾವು ನೋಡುತ್ತೇವೆ, ಆದರೆ ಅದು ಮೂರು ವರ್ಷದ ಮಗುವಾಗಿದ್ದಾಗ ಕುಡಿದ ನೀರಿನ ಗುರುತು. ಶಾಲೆಗೆ ಫಿಲ್ಟರ್ ಬಂತು, ಪಕ್ಕದ ಅಂಗನವಾಡಿ ಮಕ್ಕಳು ಅದೇ ಸಿಂಟೆಕ್ಸ್ ನೀರು ಕುಡಿಯುತ್ತಿದ್ದಾರೆ ಅಂದರೆ ಏನು ಪ್ರಯೋಜನ? ಅರ್ಜಿ ಬರೆಯುವಾಗ ‘ಶಾಲೆ ಮತ್ತು ಅಂಗನವಾಡಿ’ ಅಂತ ಎರಡನ್ನೂ ಸೇರಿಸಿ ಬರೆಯಿರಿ.

ಇನ್ನೊಂದು ವಿಷಯ ಯಾರ ಗಮನಕ್ಕೂ ಬರುವುದಿಲ್ಲ. ಅದು ಬಿಸಿಯೂಟ. ಕುಡಿಯಲು ಫಿಲ್ಟರ್ ನೀರು ಇಟ್ಟಿರುತ್ತಾರೆ, ಅನ್ನ ಬೇಯಿಸಲು ಬೋರಿನ ನೀರನ್ನೇ ಸುರಿದಿರುತ್ತಾರೆ. ಅಕ್ಕಿ ಎಷ್ಟು ನೀರು ಕುಡಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಸಾರು ಅಂದರೆ ನೀರೇ. ನೀರಿನಲ್ಲಿರುವ ಫ್ಲೋರೈಡ್ ಅಷ್ಟೂ ತಟ್ಟೆಗೆ ಬರುತ್ತದೆ. ಆದ್ದರಿಂದ ಲೆಕ್ಕ ಹಾಕುವಾಗ ಕುಡಿಯುವ ನೀರಿನ ಜೊತೆ ಅಡುಗೆಯ ನೀರನ್ನೂ ಸೇರಿಸಿ. ಒಳ್ಳೆ ನೀರು ಸಿಗುವವರೆಗೆ ಮಕ್ಕಳಿಗೆ ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ತಪ್ಪದೆ ಕೊಡಿ. ಸುಣ್ಣದ ಅಂಶ ಮತ್ತು ಸಿ ಜೀವಸತ್ವ ಚೆನ್ನಾಗಿ ಸಿಕ್ಕರೆ ಫ್ಲೋರೈಡಿನ ಹೊಡೆತ ಸ್ವಲ್ಪ ಕಡಿಮೆಯಾಗುತ್ತದೆ. ಸ್ವಲ್ಪ ಅಷ್ಟೇ. ನೀರು ಬದಲಾಗದೆ ಬೇರೆ ದಾರಿ ಇಲ್ಲ.

ಪರೀಕ್ಷೆ ಕಷ್ಟ ಅಲ್ಲ. ಜಲಜೀವನ್ ಮಿಷನ್‌ನಲ್ಲಿ, ಅಂದರೆ ನಮ್ಮ ‘ಮನೆ ಮನೆಗೆ ಗಂಗೆ’ಯಲ್ಲಿ, ಪ್ರತಿ ಹಳ್ಳಿಯ ಐದು ಜನ ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು ಅಂತಿದೆ. ನಿಮ್ಮೂರಲ್ಲಿ ಅವರು ಯಾರು ಅಂತ ಪಂಚಾಯ್ತಿಯಲ್ಲಿ ಕೇಳಿ. ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ ಇರಬಹುದು. ಆ ಕಿಟ್ಟಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಬಣ್ಣ ನೋಡಿ ಅಂದಾಜು ಮಾಡಬಹುದು. ಜಾಸ್ತಿ ಕಂಡರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಬೇಕು. ವರ್ಷಕ್ಕೆ ಒಂದು ಸಲ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮುಂಚೆ ಒಂದು ಸಲ ಮತ್ತು ಆಮೇಲೆ ಒಂದು ಸಲ ರೋಗಾಣು ಪರೀಕ್ಷೆ ಅಂತ ನಿಯಮವೇ ಇದೆ. ಕಳೆದ ವರ್ಷದ ವರದಿ ತೋರಿಸಿ ಅಂತ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅವರನ್ನು ಕೇಳಿದರೆ ಅದೇ ದೊಡ್ಡ ಶುರು.

ರೋಗಾಣು ಪರೀಕ್ಷೆಗೆ ಎಚ್‌ಟೂಎಸ್ ಬಾಟಲಿ ಅಂತ ಒಂದು ಪುಟ್ಟ ಬಾಟಲಿ ಬರುತ್ತದೆ. ಗೆರೆಯವರೆಗೆ ನೀರು ತುಂಬಿ ಬೆಚ್ಚಗೆ ಒಂದೆರಡು ದಿನ ಇಟ್ಟರೆ ಸಾಕು. ಕಪ್ಪಾದರೆ ನೀರಿಗೆ ಹೊಲಸು ಸೇರಿದೆ ಅಂತ ಅರ್ಥ. ಚಳ್ಳಕೆರೆ ಕಡೆಯ ಒಂದು ಶಾಲೆಯಲ್ಲಿ ಅದನ್ನು ಮಾಡುವಾಗ ನಾನು ಅಲ್ಲಿದ್ದೆ. ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿ ಎಷ್ಟು ದಿನವಾಗಿತ್ತೋ, ಅಂಚಿನ ತುಂಬ ಪಾರಿವಾಳದ ಹಿಕ್ಕೆ. ಬಾಟಲಿಯನ್ನು ಆಫೀಸಿನ ಬೀರುವಿನ ಮೇಲಿಟ್ಟರು. ಮಾರನೇ ದಿನ ಮಧ್ಯಾಹ್ನ ಹೋಗಿ ನೋಡಿದರೆ ಮಸಿ ತುಂಬಿದ ಹಾಗೆ ಕಪ್ಪು. ಮಕ್ಕಳು ಗುಂಪುಗೂಡಿ ನೋಡಿದರು. ಒಬ್ಬ ಹುಡುಗಿ ಕೇಳಿದಳು, ‘ಸಾರ್, ನಾವು ಇದನ್ನೇ ಕುಡಿದ್ವಾ?’ ಯಾರಿಗೂ ಉತ್ತರ ಹೇಳಲು ಬಾಯಿ ಬರಲಿಲ್ಲ. ಆದರೆ ಅವತ್ತೇ ಸಂಜೆ ನೀರಗಂಟಿ ಬಂದು ಟ್ಯಾಂಕ್ ಖಾಲಿ ಮಾಡಿ, ಉಜ್ಜಿ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿದರು. ಹೊಸ ಮುಚ್ಚಳಕ್ಕೆ ತಂತಿ ಬಿಗಿದರು. ಅಷ್ಟು ದಿನ ಬಾಯಲ್ಲಿ ಹೇಳಿ ಆಗದ ಕೆಲಸ ಆ ಬಾಟಲಿಯಿಂದ ಆಯಿತು.

ಈಗ ಫಿಲ್ಟರ್. ವರದಿಯಲ್ಲಿ ಫ್ಲೋರೈಡ್ 1ರ ಒಳಗಿದ್ದು, ಉಳಿದ ಅಂಶಗಳೂ ಮಿತಿಯಲ್ಲಿದ್ದರೆ ದುಬಾರಿ ಆರ್‌ಒ, ಅಂದರೆ ನೀರನ್ನು ತೆಳು ಪೊರೆಯಲ್ಲಿ ಸೋಸುವ ಯಂತ್ರ, ಬೇಕಿಲ್ಲ. ಟ್ಯಾಂಕ್ ತೊಳೆದು, ಮುಚ್ಚಿ, ಕ್ಲೋರಿನ್ ಹಾಕಿ, ಅರ್ಧ ಗಂಟೆ ಬಿಟ್ಟ ಮೇಲೂ ನಲ್ಲಿ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸಾಕು. ಫ್ಲೋರೈಡ್ ಜಾಸ್ತಿ ಇದ್ದರೆ ಮಾತ್ರ ಆರ್‌ಒ ಅಥವಾ ಫ್ಲೋರೈಡನ್ನು ಹೀರಿಕೊಳ್ಳುವ ಆ್ಯಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಬೇಕು. ಕ್ಯಾಂಡಲ್ ಫಿಲ್ಟರ್, ಯುವಿ ಲೈಟಿನ ಫಿಲ್ಟರ್ ಎರಡೂ ಫ್ಲೋರೈಡನ್ನು ತೆಗೆಯುವುದಿಲ್ಲ. ದಾನಿಗಳು ಪ್ರೀತಿಯಿಂದ ಯುವಿ ಫಿಲ್ಟರ್ ಕೊಟ್ಟು, ಫ್ಲೋರೈಡ್ ನೀರನ್ನೇ ಮಕ್ಕಳು ನಂಬಿಕೊಂಡು ಕುಡಿಯುವುದು ಮಹಾ ಅನ್ಯಾಯ. ಆರ್‌ಒ ಹಾಕಿಸಿದರೂ ಹೊರಗೆ ಬಿಡುವ ನೀರು ಬೇಕಾದಷ್ಟಿರುತ್ತದೆ, ಅದು ಶೌಚಾಲಯಕ್ಕೆ ಹೋಗಲಿ. ದನಕ್ಕೆ ಕುಡಿಸಬೇಡಿ, ಅದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ.

ನಿಮ್ಮ ಹಳೇ ಫಿಲ್ಟರ್ ಯಾಕೆ ಕೆಟ್ಟಿತು? ಕೇಳಿ ನೋಡಿ. ನಾನು ನೋಡಿದ ಶಾಲೆಗಳಲ್ಲೆಲ್ಲ ಒಂದೇ ಕಥೆ. ಸವಳು ನೀರಿಗೆ ಮೆಂಬ್ರೇನ್, ಅಂದರೆ ಆ ಸೋಸುವ ಪೊರೆ, ಕಟ್ಟಿಕೊಂಡಿತು, ಬದಲಾಯಿಸಲು ದುಡ್ಡು ಯಾರು ಕೊಡಬೇಕು ಅಂತ ಗೊತ್ತಿಲ್ಲ, ಅಷ್ಟರಲ್ಲಿ ಹೆಡ್‌ಮಾಸ್ಟರಿಗೆ ವರ್ಗ ಆಯಿತು. ಉದ್ಘಾಟನೆ ದಿನ ಹತ್ತು ಜನ ಇರುತ್ತಾರೆ. ಆಮೇಲೆ ಆ ನಲ್ಲಿ ಯಾರ ಹೆಸರಿನಲ್ಲೂ ಇರುವುದಿಲ್ಲ. ನನ್ನ ಕೇಳಿದರೆ ಯಂತ್ರದ ಬೆಲೆಗಿಂತ ಮುಖ್ಯವಾದ ಪ್ರಶ್ನೆ ಇದು: ದಿನಾ ಬೆಳಿಗ್ಗೆ ಬಂದು ಆ ನೀರನ್ನು ನೋಡುವವರು ಯಾರು? ಎಸ್‌ಡಿಎಂಸಿ ನಡಾವಳಿ ಪುಸ್ತಕದಲ್ಲಿ ಒಬ್ಬರ ಹೆಸರು ಬರೆಸಿ. ಟ್ಯಾಂಕ್ ತೊಳೆದ ದಿನಾಂಕವನ್ನು ಟ್ಯಾಂಕಿನ ಮೇಲೇ ಪೇಂಟಿನಲ್ಲಿ ಬರೆಸಿ, ಮಕ್ಕಳಿಗೂ ಕಾಣಲಿ.

ದುಡ್ಡಿಗೆ ದಾರಿ ಇದೆ. ಸಮಗ್ರ ಶಿಕ್ಷಣ ಯೋಜನೆಯ ನಿಯಮದಂತೆ ನಿಮ್ಮ 62 ಮಕ್ಕಳ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನ ಸಿಗಬೇಕು, ಅದರಲ್ಲಿ ಕನಿಷ್ಠ ನೂರಕ್ಕೆ ಹತ್ತು ಸ್ವಚ್ಛತೆಗೆ. ಪಂಚಾಯ್ತಿಗೆ 15ನೇ ಹಣಕಾಸು ಆಯೋಗ 2021ರಿಂದ 2026ರ ಮಾರ್ಚ್‌ವರೆಗೆ ಕೊಟ್ಟ ಹಣದಲ್ಲಿ ನೂರಕ್ಕೆ ಅರವತ್ತು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಪಿಡಿಒ ಅವರಿಗೆ ಅರ್ಜಿಯನ್ನು ಬರೆದೇ ಕೊಡಿ, ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಮಕ್ಕಳ ಗ್ರಾಮಸಭೆ ನಡೆದಾಗ ಮಕ್ಕಳೇ ಎದ್ದು ನಿಂತು ಕೇಳಲಿ.

ಮಳೆ ನೀರಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಮಳೆ ನೀರಿನಲ್ಲಿ ಫ್ಲೋರೈಡಿನ ಕಾಟ ಇಲ್ಲ. ದುರ್ಗದ ಕೋಟೆಯವರು ಕಲ್ಲಿನ ಮೇಲೆ ಬಿದ್ದ ಮಳೆಯನ್ನೇ ಹೊಂಡಗಳಲ್ಲಿ ಹಿಡಿದು ಬದುಕಿದರು. ಊರೊಳಗಿನ ಸಿಹಿನೀರು ಹೊಂಡದ ಹೆಸರೇ ಎಲ್ಲ ಹೇಳುತ್ತದೆ. ನಿಮ್ಮ ಶಾಲೆಯ ಚಾವಣಿ 100 ಚದರ ಮೀಟರ್ ಇದ್ದು, ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್. ಐದರಲ್ಲೊಂದು ಪಾಲು ಹಾಳಾದರೂ 40,000 ಉಳಿಯುತ್ತದೆ. 62 ಮಕ್ಕಳು ದಿನಕ್ಕೆ ಒಂದೂವರೆ ಲೀಟರಿನಂತೆ 220 ದಿನ ಕುಡಿದರೆ ಬೇಕಾಗುವುದು ಸುಮಾರು 20,500 ಲೀಟರ್. ಉಳಿದದ್ದು ಅಡುಗೆಗೆ. ನಮ್ಮ ಬರದ ಸೀಮೆಯಲ್ಲೂ ಲೆಕ್ಕ ಕೂಡುತ್ತದೆ! ಬೇಕಾದದ್ದು ದೊಡ್ಡ ಮುಚ್ಚಿದ ತೊಟ್ಟಿ, ಮೊದಲ ಮಳೆಯನ್ನು ಹೊರಗೆ ಬಿಡುವ ಪೈಪು, ಚಾವಣಿ ಗುಡಿಸುವ ಒಬ್ಬರು, ಮತ್ತೆ ಕ್ಲೋರಿನ್. 2006ರ ಹೊತ್ತಿಗೆ ‘ಸುವರ್ಣ ಜಲ’ ಅಂತ ಸರ್ಕಾರ ಹಳ್ಳಿ ಶಾಲೆಗಳಿಗೆ ಇಂಥ ತೊಟ್ಟಿಗಳನ್ನು ಕಟ್ಟಿಸಿತ್ತು. ನಿಮ್ಮ ಶಾಲೆಯ ಹಿಂದೆ ಬಿರುಕು ಬಿಟ್ಟ ಒಂದು ತೊಟ್ಟಿ ಇದೆಯಾ, ನೋಡಿ. ಇದ್ದರೆ ರಿಪೇರಿ ಆಗಬಹುದು.

ತಿಂಗಳಿಗೆ 30 ರೂಪಾಯಿ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೊದಲ ತಿಂಗಳು ಎಲ್ಲರೂ ಕೊಡುತ್ತಾರೆ. ಮೂರನೇ ತಿಂಗಳಿಗೆ ಕೂಲಿಗೆ ಹೋಗುವ ಮನೆಯವರು ತಪ್ಪಿಸುತ್ತಾರೆ. ಆಗ ಕ್ಯಾನಿನ ಮುಂದೆ ‘ನಿಮ್ಮಪ್ಪ ದುಡ್ಡು ಕೊಟ್ಟಿಲ್ಲ’ ಅನ್ನೋ ಮಾತು ಮಕ್ಕಳ ಬಾಯಲ್ಲೇ ಬರುತ್ತದೆ. ನೀರಿನ ಮುಂದೆ ಒಂದು ಮಗು ತಲೆ ತಗ್ಗಿಸಿ ನಿಲ್ಲಬಾರದು. ವರದಿ ಬರುವವರೆಗೆ ಊರಿನ ಶುದ್ಧ ನೀರಿನ ಘಟಕದಿಂದ ಪಂಚಾಯ್ತಿಯೇ ಶಾಲೆಗೆ ಉಚಿತವಾಗಿ ನೀರು ಕೊಡಲಿ ಅಂತ ಕೇಳಿ. ದಿನಕ್ಕೆ ಕುಡಿಯಲು ಐದು ಕ್ಯಾನ್, ಅಡುಗೆಗೆ ಇನ್ನೊಂದಿಷ್ಟು. ಕುಡಿಯುವ ನೀರನ್ನು ನಲ್ಲಿ ಇರುವ ಡ್ರಮ್ಮಿಗೆ ಸುರಿಯಲಿ. ತೆರೆದ ಪಾತ್ರೆಗೆ ಲೋಟ ಅದ್ದಿದರೆ ಕೈಯ ಕೊಳೆಯೂ ಅದ್ದುತ್ತದೆ.

ಒಂದು ಮಾತು ಮರೆಯುವುದರಲ್ಲಿದ್ದೆ. ಶೌಚಾಲಯ ಚೆನ್ನಾಗಿಲ್ಲದಿದ್ದರೆ ಹೆಣ್ಣುಮಕ್ಕಳು ಎಷ್ಟು ಒಳ್ಳೆ ನೀರಿದ್ದರೂ ಕುಡಿಯುವುದಿಲ್ಲ. ಮಗಳನ್ನು ಕೇಳಿ, ಬೆಳಿಗ್ಗೆಯಿಂದ ಸಂಜೆವರೆಗೆ ಎಷ್ಟು ಸಲ ನೀರು ಕುಡಿದೆ ಅಂತ.

ಪರೀಕ್ಷೆಗೆ ನೀರು ಹಿಡಿಯುವಾಗ ಬೋರನ್ನು ಐದು ನಿಮಿಷ ಓಡಿಸಿ. ಒಂದು ಲೀಟರಿನ ಶುಭ್ರ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ತುಂಬಿ, ಊರು, ಜಾಗ, ದಿನಾಂಕ ಬರೆದು ಅಂಟಿಸಿ. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಬಾಟಲಿ ಬೇಕು, ಅದನ್ನು ತೊಳೆಯಬಾರದು. ವರದಿ ಬಂದ ಕೂಡಲೇ ಒಂದು ಪ್ರತಿ ನಮಗೆ ಕಳಿಸಿ. ಏನು ಬಂದಿದ್ದರೂ ನಿಮ್ಮ ಜೊತೆ ಕೂತು ಓದಿ ಹೇಳುತ್ತೇನೆ. ಮುಂದಿನ ಎಸ್‌ಡಿಎಂಸಿ ಸಭೆಯ ದಿನ ತಿಳಿಸಿದರೆ ನಾನೂ ಬರುತ್ತೇನೆ. ದಾವಣಗೆರೆಯಿಂದ ಜಗಳೂರೇನು ದೂರ ಅಲ್ಲ.