ಓದುಗರ ಪ್ರಶ್ನೆ: ಮೆಡಿಕಲ್ ಸ್ಕೂಲಿನ ಶಿಫಾರಸು ಪತ್ರವನ್ನು ಯಾರಲ್ಲಿ ಕೇಳಬೇಕು?

ಪ್ರಶ್ನೆ: ನಮ್ಮ ಮಗಳು ನ್ಯೂಜೆರ್ಸಿಯ ವಿಶ್ವವಿದ್ಯಾಲಯವೊಂದರಲ್ಲಿ ಜೀವಶಾಸ್ತ್ರದ ಮೂರನೆಯ ವರ್ಷದಲ್ಲಿದ್ದಾಳೆ. ಬರುವ ಜೂನ್ ತಿಂಗಳಲ್ಲಿ ಮೆಡಿಕಲ್ ಸ್ಕೂಲುಗಳಿಗೆ ಅರ್ಜಿ ಹಾಕಬೇಕು. ಶಿಫಾರಸು ಪತ್ರಗಳ ವಿಷಯದಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು ದೊಡ್ಡ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞರು. ಮಗಳನ್ನು ಚಿಕ್ಕಂದಿನಿಂದ ಬಲ್ಲವರು. ಅವರಿಂದಲೇ ಪತ್ರ ಪಡೆಯಬೇಕೆಂದು ನನ್ನ ಯಜಮಾನರು ಹೇಳುತ್ತಾರೆ. ಶಿವಮೊಗ್ಗದಲ್ಲಿ ನರ್ಸಿಂಗ್ ಹೋಂ ನಡೆಸುವ ನನ್ನ ಅಣ್ಣನ ಬಳಿ ಆಕೆ ಒಂದು ಬೇಸಿಗೆ ಇದ್ದು ಬಂದಿದ್ದಾಳೆ. ಅವನೂ ಬರೆದುಕೊಡಲು ಸಿದ್ಧನಿದ್ದಾನೆ. ಮಗಳು ಮಾತ್ರ ತನಗೆ ಬಿ ಪ್ಲಸ್ ಕೊಟ್ಟ ಭೌತಶಾಸ್ತ್ರದ ಪ್ರಾಧ್ಯಾಪಕರನ್ನು ಕೇಳುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಎ ಕೊಟ್ಟ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಪ್ರಾಧ್ಯಾಪಕರಿರುವಾಗ ಇದು ಸರಿಯೇ?
– ಓದುಗರೊಬ್ಬರು, ಎಡಿಸನ್

ಉತ್ತರ: ನಿಮ್ಮ ಮಗಳ ಯೋಚನೆ ಸರಿಯಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪತ್ರಗಳ ವಿಷಯದಲ್ಲಿ ನಮ್ಮ ಕಡೆಯ ತಂದೆತಾಯಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ನಮ್ಮೂರಿನಲ್ಲಿ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಎಷ್ಟು ಬಂತು, ರ‍್ಯಾಂಕ್ ಎಷ್ಟು ಎಂಬುದರ ಮೇಲೆ ಸೀಟು ಹಂಚಿಕೆಯಾಗುತ್ತದೆ. ವಿದ್ಯಾರ್ಥಿಯ ಸ್ವಭಾವ ಎಂಥದು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅಮೆರಿಕದಲ್ಲಿ ಕಾಲೇಜಿನ ಅಂಕಗಳೂ ಮೆಡಿಕಲ್ ಪ್ರವೇಶಕ್ಕಾಗಿ ಬರೆಯುವ ಎಂಕ್ಯಾಟ್ ಪರೀಕ್ಷೆಯ ಅಂಕಗಳೂ ಅಗತ್ಯವೇ, ಆದರೆ ಅವು ಚೆನ್ನಾಗಿರುವ ಅರ್ಜಿಗಳೇ ಸೀಟುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತವೆ. ಆಗ ಪ್ರವೇಶ ಸಮಿತಿಯವರು, ಅರ್ಜಿದಾರರೇ ತಮ್ಮ ಬಗ್ಗೆ ಬರೆದುಕೊಂಡದ್ದನ್ನು ಬದಿಗಿಟ್ಟು, ಅವರನ್ನು ನೋಡಿದವರು ಏನು ಹೇಳುತ್ತಾರೆ ಎಂದು ತಿಳಿಯಲು ಪತ್ರಗಳನ್ನು ತೆರೆಯುತ್ತಾರೆ. ಅಲ್ಲಿ ಅವರು ಹುಡುಕುವುದು ಹೊಗಳಿಕೆಯನ್ನಲ್ಲ, ಕಣ್ಣಾರೆ ಕಂಡ ಸಂಗತಿಯನ್ನು. ಆದ್ದರಿಂದ ಪತ್ರ ಬರೆದವರ ಹುದ್ದೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಅವರು ವಿದ್ಯಾರ್ಥಿ ಕೆಲಸ ಮಾಡುವುದನ್ನು ಎಷ್ಟು ಹತ್ತಿರದಿಂದ ನೋಡಿದ್ದಾರೆ ಎನ್ನುವುದೇ ಮುಖ್ಯ.

ನೀವು ಹೆಸರಿಸಿದ ಇಬ್ಬರು ಪ್ರಾಧ್ಯಾಪಕರನ್ನೇ ತೆಗೆದುಕೊಳ್ಳೋಣ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿಯ ತರಗತಿಯೆಂದರೆ ನೂರಾರು ಮಂದಿ ಕುಳಿತ ಸಭಾಂಗಣ. ಮಗಳು ಆ ಪ್ರಾಧ್ಯಾಪಕರೊಡನೆ ಮಾತನಾಡಿಯೇ ಇಲ್ಲದಿದ್ದರೆ ಅವರು ಬರೆಯಬಲ್ಲದ್ದು ಇಷ್ಟೇ: ಈಕೆ ನನ್ನ ತರಗತಿಯಲ್ಲಿದ್ದಳು, ಎ ಪಡೆದಳು, ಶ್ರದ್ಧಾವಂತೆ ಎಂದು ತೋರುತ್ತದೆ. ಎ ಪಡೆದದ್ದು ಅಂಕಪಟ್ಟಿಯಲ್ಲೇ ಇದೆ. ಉಳಿದದ್ದು ಯಾರ ಬಗ್ಗೆ ಬೇಕಾದರೂ ಬರೆಯಬಹುದಾದ ಮಾತು. ಇಂಥ ಪತ್ರವನ್ನು ಓದಿದ ಸಮಿತಿಯವರಿಗೆ ಈ ವಿದ್ಯಾರ್ಥಿಯನ್ನು ಹತ್ತಿರದಿಂದ ಬಲ್ಲ ಪ್ರಾಧ್ಯಾಪಕರೇ ಇಲ್ಲವೇನೋ ಎಂಬ ಅನುಮಾನ ಬಂದರೂ ಬರಬಹುದು. ಇನ್ನೊಂದೆಡೆ ಭೌತಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳ ಭೇಟಿಗೆಂದು ಮೀಸಲಿಡುವ ಆಫೀಸ್ ಅವರ್ಸ್‌ಗೆ ಆಕೆ ವಾರವಾರವೂ ಹೋಗುತ್ತಿದ್ದಳು ಎಂದಿಟ್ಟುಕೊಳ್ಳಿ. ಮೊದಲ ಪರೀಕ್ಷೆಯಲ್ಲಿ ಎಡವಿದವಳು ಉತ್ತರಪತ್ರಿಕೆ ಹಿಡಿದು ಬಂದು, ತಾನು ಎಲ್ಲಿ ದಾರಿ ತಪ್ಪಿದೆ ಎಂಬುದನ್ನು ತಾನೇ ಬೋರ್ಡಿನ ಮೇಲೆ ಬರೆದು ತೋರಿಸಿದಳು. ಪ್ರಯೋಗಾಲಯದಲ್ಲಿ ಜೊತೆಗಾರನ ಅಳತೆ ಹೊಂದದೇ ಇದ್ದಾಗ ಅಂಕಿಗಳನ್ನು ಸರಿಹೊಂದಿಸಿ ಮುಗಿಸುವ ಬದಲು, ತಡವಾದರೂ ಚಿಂತೆಯಿಲ್ಲ ಎಂದು ಪ್ರಯೋಗವನ್ನು ಮೊದಲಿನಿಂದ ಮಾಡಿದಳು. ಅದರ ಬಗ್ಗೆ ಆ ಹುಡುಗನನ್ನು ಎಲ್ಲರೆದುರು ಹೀಯಾಳಿಸಲಿಲ್ಲ. ಇಷ್ಟನ್ನು ಬರೆಯಬಲ್ಲ ಪ್ರಾಧ್ಯಾಪಕರು ಕೊಟ್ಟ ಗ್ರೇಡ್ ಬಿ ಪ್ಲಸ್ ಆಗಿದ್ದರೂ ಆ ಪತ್ರದ ತೂಕ ಬೇರೆಯೇ, ಏಕೆಂದರೆ ಸೋತ ಮೇಲೆ ಏನು ಮಾಡುತ್ತಾಳೆ, ತಪ್ಪನ್ನು ಮುಚ್ಚಿಡುತ್ತಾಳೋ ಒಪ್ಪಿಕೊಳ್ಳುತ್ತಾಳೋ ಎನ್ನುವುದು ನಾಳೆ ರೋಗಿಗಳ ಜೀವಕ್ಕೆ ಸಂಬಂಧಪಟ್ಟ ವಿಷಯ. ಮಗಳ ಹಟಕ್ಕೆ ಇಂಥ ಕಾರಣವಿದೆಯೇ ಎಂದು ಸಮಾಧಾನದಿಂದ ಕೇಳಿ. ಇದ್ದರೆ ಅಡ್ಡಿ ಮಾಡಬೇಡಿ.

ಎಷ್ಟು ಪತ್ರ, ಯಾರಿಂದ ಎಂಬ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆಯಾದರೂ, ವಿಜ್ಞಾನ ಕಲಿಸಿದ ಇಬ್ಬರು ಮತ್ತು ವಿಜ್ಞಾನೇತರ ವಿಷಯ ಕಲಿಸಿದ ಒಬ್ಬರು ಎನ್ನುವುದು ಸಾಮಾನ್ಯವಾಗಿ ಕಾಣುವ ಬೇಡಿಕೆ. ಹೀಗಾಗಿ ಇತಿಹಾಸವನ್ನೋ ಸಾಹಿತ್ಯವನ್ನೋ ಸಣ್ಣ ತರಗತಿಯಲ್ಲಿ ಕಲಿಸಿದವರ ಹೆಸರನ್ನೂ ಆಕೆ ಈಗಲೇ ಯೋಚಿಸಲಿ. ನಮ್ಮ ಮಕ್ಕಳಿಗೆ ಕೊನೆಯ ಗಳಿಗೆಯಲ್ಲಿ ಸಿಗದೇ ಹೋಗುವುದು ಈ ಪತ್ರವೇ. ಸಂಶೋಧನಾ ಪ್ರಯೋಗಾಲಯದಲ್ಲಿ ದುಡಿದಿದ್ದರೆ ಅದರ ಮುಖ್ಯಸ್ಥರ ಪತ್ರ ಬೇಕು. ದಿನವೂ ಜೊತೆಯಲ್ಲಿ ಕೆಲಸ ಮಾಡಿದವರು ಅಲ್ಲಿಯ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದರೆ ಅವರು ಬರೆದು ಮುಖ್ಯಸ್ಥರೂ ಸಹಿ ಹಾಕುವ ರೂಢಿಯಿದೆ. ಅಮೆರಿಕದಲ್ಲಿ ವೈದ್ಯರಾಗಲು ಇರುವ ಇನ್ನೊಂದು ಪದವಿಯಾದ ಡಿ.ಒ. ನೀಡುವ ಆಸ್ಟಿಯೋಪಥಿಕ್ ಕಾಲೇಜುಗಳಿಗೂ ಅರ್ಜಿ ಹಾಕುವುದಾದರೆ, ಅವುಗಳಲ್ಲಿ ಹಲವು ಡಿ.ಒ. ವೈದ್ಯರೊಬ್ಬರ ಪತ್ರವನ್ನು ಬಯಸುತ್ತವೆ ಎಂಬುದು ನೆನಪಿರಲಿ.

ಇದಕ್ಕೂ ಮೊದಲು ಮಾಡಬೇಕಾದ ಕೆಲಸವೆಂದರೆ, ವೈದ್ಯಕೀಯ ವಿದ್ಯಾಕಾಂಕ್ಷಿಗಳಿಗೆ ಸಲಹೆ ಕೊಡುವ ಕಚೇರಿಗೆ ಹೋಗಿ, ತಮ್ಮ ವಿಶ್ವವಿದ್ಯಾಲಯದಲ್ಲಿ ಸಮಿತಿಯ ಪತ್ರದ ವ್ಯವಸ್ಥೆ ಇದೆಯೇ ಎಂದು ವಿಚಾರಿಸುವುದು. ಕೆಲವು ಕಡೆ ಪ್ರಾಧ್ಯಾಪಕರ ಪತ್ರಗಳನ್ನು ಕಚೇರಿಯೇ ತರಿಸಿಕೊಂಡು, ವಿದ್ಯಾರ್ಥಿಯನ್ನು ಸಂದರ್ಶಿಸಿ, ಸಂಸ್ಥೆಯ ಪರವಾಗಿ ಒಂದೇ ಪತ್ರ ಬರೆಯುತ್ತದೆ. ಆ ವ್ಯವಸ್ಥೆ ಇದ್ದೂ ಬಳಸಿಕೊಳ್ಳದವರನ್ನು ಹಲವು ಮೆಡಿಕಲ್ ಸ್ಕೂಲುಗಳು ಕಾರಣ ಕೇಳುತ್ತವೆ. ಅದರ ಗಡುವುಗಳೂ ಅರ್ಜಿಗಿಂತ ತಿಂಗಳುಗಟ್ಟಲೆ ಮುಂಚಿತವಾಗಿರುತ್ತವೆ.

ಈಗ ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಆ ಹೃದ್ರೋಗ ತಜ್ಞರ ಪ್ರೀತಿ ನಿಜವಾದದ್ದೇ. ಆದರೆ ಅವರು ಮಗಳನ್ನು ಕಂಡಿರುವುದು ರಾಜ್ಯೋತ್ಸವದ ವೇದಿಕೆಯಲ್ಲಿ, ಯುಗಾದಿಯ ಊಟದಲ್ಲಿ, ನಿಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಕುಟುಂಬದ ಸ್ನೇಹಿತರು ಬರೆದ ಪತ್ರ ಎಂದು ಓದುವವರಿಗೆ ಎರಡನೆಯ ಸಾಲಿಗೇ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಅದಕ್ಕೆ ಬೆಲೆ ಉಳಿಯುವುದಿಲ್ಲ. ಆಕೆ ಅವರ ಚಿಕಿತ್ಸಾಲಯದಲ್ಲಿ ವರ್ಷವಿಡೀ ಸ್ಕ್ರೈಬ್ ಆಗಿ, ಅಂದರೆ ವೈದ್ಯರು ರೋಗಿಯನ್ನು ನೋಡುವಾಗ ಟಿಪ್ಪಣಿ ಬರೆದುಕೊಳ್ಳುವವಳಾಗಿ, ದುಡಿದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ನಾಲ್ಕು ದಿನ ವೈದ್ಯರ ಹಿಂದೆ ನಿಂತು ನೋಡಿದ್ದಕ್ಕೆ ಪತ್ರ ಬೇಡ. ಸಂದರ್ಶನಕ್ಕೆ ತಯಾರಿ ಮಾಡಿಸಿ ಎಂದು ಅವರನ್ನು ಕೇಳಿಕೊಳ್ಳಿ. ಅದು ನಿಜಕ್ಕೂ ಉಪಯೋಗಕ್ಕೆ ಬರುವ ಸಹಾಯ, ಅವರಿಗೂ ಮನಸ್ಸಿಗೆ ಒಪ್ಪುವಂಥದ್ದು.

ನಿಮ್ಮ ಅಣ್ಣನವರ ಪತ್ರವನ್ನಂತೂ ಕಳಿಸಲೇಬೇಡಿ. ಸೋದರಮಾವನ ಪತ್ರ ಎಷ್ಟೇ ಪ್ರಾಮಾಣಿಕವಾಗಿದ್ದರೂ ರಕ್ತಸಂಬಂಧಿಯ ಮಾತಾಗಿಯೇ ಉಳಿಯುತ್ತದೆ. ಇದಕ್ಕಿಂತ ಗಂಭೀರವಾದ ಕಾರಣ ಇನ್ನೊಂದಿದೆ. ಊರಿನ ಸಣ್ಣ ನರ್ಸಿಂಗ್ ಹೋಂಗಳಲ್ಲಿ ಮನೆಯ ಮಗುವೆಂಬ ಅಕ್ಕರೆಯಿಂದ ಇಂಜೆಕ್ಷನ್ ಕೊಡಲು, ಹೊಲಿಗೆ ಹಾಕಲು, ಹೆರಿಗೆಯಲ್ಲಿ ಕೈಜೋಡಿಸಲು ಬಿಡುವುದುಂಟು. ಮಾವ ಅದನ್ನು ಹೆಮ್ಮೆಯಿಂದಲೇ ಬರೆಯುತ್ತಾರೆ. ಆದರೆ ತರಬೇತಿಯಿಲ್ಲದ ವಿದ್ಯಾರ್ಥಿಗಳು ಹೊರದೇಶಗಳಲ್ಲಿ ರೋಗಿಗಳ ಮೇಲೆ ಇಂಥ ಕೆಲಸ ಮಾಡಬಾರದೆಂದು ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಮಾರ್ಗಸೂಚಿಯನ್ನೇ ಹೊರಡಿಸಿದೆ, ಮತ್ತು ಸಮಿತಿಯವರು ಅದನ್ನು ಅನುಭವವೆಂದಲ್ಲ, ವಿವೇಕದ ಕೊರತೆಯೆಂದು ಓದುತ್ತಾರೆ. ಅವರು ಹೀಗೆ ಓದುವುದು ನ್ಯಾಯವೇ ಎಂದು ನನ್ನ ನಂಬಿಕೆ. ಶಿವಮೊಗ್ಗದ ರೋಗಿಯೂ ಕಲಿತ ಕೈಗಳಿಗೇ ಅರ್ಹ. ಆಕೆ ಅಲ್ಲಿ ನೋಡಿ ಕಲಿತದ್ದನ್ನು ತನ್ನ ಅರ್ಜಿಯಲ್ಲಿ ತಾನೇ ಬರೆಯಲಿ.

ಎಡಿಸನ್ ಸುತ್ತಮುತ್ತ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಆಕೆ ಸ್ವಯಂಸೇವಕಿಯಾಗಿದ್ದಾಳೆಯೇ ಎಂಬುದನ್ನು ನೀವು ಬರೆದಿಲ್ಲ. ಇದ್ದರೆ ಅಲ್ಲಿಯ ಮೇಲ್ವಿಚಾರಕರ ಪತ್ರ ಹೃದ್ರೋಗ ತಜ್ಞರ ಪತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಕೇಳುವ ಕೆಲಸವನ್ನು ಮಗಳೇ ಮಾಡಬೇಕು, ನೀವಲ್ಲ. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಮುಖತಃ ಭೇಟಿಯಾಗಿ, "ನನ್ನ ಬಗ್ಗೆ ಬಲವಾದ ಪತ್ರ ಬರೆಯುವಷ್ಟು ನಿಮಗೆ ನನ್ನ ಪರಿಚಯವಿದೆ ಎನಿಸುತ್ತದೆಯೇ?" ಎಂದು ಕೇಳಲಿ. ಹೀಗೆ ಕೇಳಿದಾಗ ಇಷ್ಟವಿಲ್ಲದವರಿಗೆ ಮರ್ಯಾದೆಯಿಂದ ಹಿಂದೆ ಸರಿಯಲು ದಾರಿ ಇರುತ್ತದೆ. ತಡವರಿಸಿದರೆ ಒತ್ತಾಯಿಸದೆ ಧನ್ಯವಾದ ಹೇಳಿ ಬೇರೆಯವರ ಬಳಿ ಹೋಗಲಿ. ಒಪ್ಪಿದವರಿಗೆ ಅಂಕಪಟ್ಟಿ, ತನ್ನ ಚಟುವಟಿಕೆಗಳ ವಿವರ, ಅರ್ಜಿಯ ಪ್ರಬಂಧದ ಕರಡು, ಅವರೇ ತಿದ್ದಿಕೊಟ್ಟ ಒಂದು ಲ್ಯಾಬ್ ವರದಿ ಇಷ್ಟನ್ನು ಕೊಡಲಿ. ಆ ವರದಿಯ ಅಂಚಿನಲ್ಲಿ ತಾವೇ ಬರೆದ ಟಿಪ್ಪಣಿ ಕಂಡಾಗ ಅವರಿಗೆ ಹಳೆಯದೆಲ್ಲ ನೆನಪಾಗುತ್ತದೆ. ಆ್ಯಮ್‌ಕಾಸ್ ಅರ್ಜಿಯನ್ನು, ಅಂದರೆ ಹಲವು ಮೆಡಿಕಲ್ ಸ್ಕೂಲುಗಳಿಗೆ ಒಟ್ಟಿಗೆ ಹಾಕುವ ಅರ್ಜಿಯನ್ನು, ಪತ್ರಗಳಿಲ್ಲದೆಯೂ ಸಲ್ಲಿಸಬಹುದು, ಅಂಕಗಳ ಪರಿಶೀಲನೆ ಅದಕ್ಕಾಗಿ ಕಾಯುವುದಿಲ್ಲ. ಆದರೆ ಪತ್ರಗಳು ಸೇರುವವರೆಗೆ ಕಾಲೇಜುಗಳು ಕಡತವನ್ನು ಪೂರ್ಣವೆಂದು ಎಣಿಸುವುದಿಲ್ಲ. ಬಹುತೇಕ ಕಾಲೇಜುಗಳು ಬಂದ ಅರ್ಜಿಗಳನ್ನು ಬಂದಂತೆ ನೋಡುತ್ತಾ ಹೋಗುವುದರಿಂದ ಮೇ ಕೊನೆಯನ್ನು ಗಡುವಾಗಿ ತಿಳಿಸುವುದು ಒಳ್ಳೆಯದು.

ಪ್ರಶ್ನೆ: ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಸಹಿ ಮಾಡಬೇಕೇ? ಒಬ್ಬ ಪ್ರಾಧ್ಯಾಪಕರು, "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎಂದಿದ್ದಾರೆ. ಏನು ಮಾಡಲಿ?
– ವಿದ್ಯಾರ್ಥಿ, ಫ್ರೀಮಾಂಟ್

ಉತ್ತರ: ಸಹಿ ಮಾಡಿ. 1974ರ ಫೆರ್ಪಾ ಕಾಯ್ದೆ ವಿದ್ಯಾರ್ಥಿಗೆ ತನ್ನ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕು ಕೊಟ್ಟಿದೆ, ಆ ಹಕ್ಕನ್ನು ಬಿಟ್ಟುಕೊಡಲು ಯಾರೂ ಬಲವಂತ ಮಾಡುವಂತಿಲ್ಲ. ಆದರೂ ಅರ್ಜಿದಾರ ನೋಡದ ಪತ್ರದಲ್ಲಿ ಬರೆದವರು ಮನಸ್ಸು ಬಿಚ್ಚಿ ಬರೆದಿರುತ್ತಾರೆ ಎಂದು ಸಮಿತಿಗಳು ನಂಬುತ್ತವೆ. ನೋಡದೆ ಕಳಿಸಲು ನಿಮಗೆ ಭಯವಾಗುವಂಥ ವ್ಯಕ್ತಿಯ ಹೆಸರು ಪಟ್ಟಿಯಲ್ಲಿದ್ದರೆ ಅವರನ್ನು ಕೈಬಿಡಿ.

ನೀವೇ ಬರೆಯುವ ಮಾತಿಗೆ ವಿನಯದಿಂದ ಇಲ್ಲ ಎನ್ನಿ. ಬದಲಿಗೆ ಅವರ ತರಗತಿಯಲ್ಲಿ ನೀವು ಮಾಡಿದ ಕೆಲಸವನ್ನು ಒಂದು ಪುಟದಲ್ಲಿ ಬರೆದುಕೊಟ್ಟು, "ಇದು ನಿಮ್ಮ ನೆನಪಿಗೆ ಇರಲಿ, ಪತ್ರವನ್ನು ತಾವೇ ಬರೆಯಬೇಕೆಂದು ನನ್ನ ಕೋರಿಕೆ" ಎಂದು ಹೇಳಿ. ಅಷ್ಟಾದ ಮೇಲೂ ಅವರು ಒಪ್ಪದಿದ್ದರೆ ಬೇರೆ ಪ್ರಾಧ್ಯಾಪಕರನ್ನು ಹುಡುಕಲು ಈಗಿನಿಂದಲೇ ಹೊರಡಿ. ಮುಂದಿನ ಸೆಮಿಸ್ಟರ್‌ನಲ್ಲಿ ಒಂದು ಸಣ್ಣ ತರಗತಿಯನ್ನು ಆರಿಸಿಕೊಂಡು ಮೊದಲ ವಾರದಿಂದಲೇ ಆಫೀಸ್ ಅವರ್ಸ್‌ಗೆ ಹೋಗುವುದಾದರೂ ಸರಿ.