ಸಮುದ್ರದ ಆಮ್ಲೀಕರಣದಿಂದ ಉಷ್ಣವಲಯದ ಕರಾವಳಿಯ ಜೀವಿಗಳಿಗೆ ಏನಾಗುತ್ತದೆ?

ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಅದು ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾದಾಗ ಬಿಡುಗಡೆಯಾಗುವ ಹೈಡ್ರೋಜನ್ ಅಯಾನುಗಳು, ಹವಳಗಳೂ ಚಿಪ್ಪುಜೀವಿಗಳೂ ತಮ್ಮ ಸುಣ್ಣದ ಕವಚ ಕಟ್ಟಲು ಬಳಸುವ ಕಾರ್ಬೊನೇಟನ್ನು ಕಡಿಮೆ ಮಾಡುತ್ತವೆ. ಕೈಗಾರಿಕಾ ಕ್ರಾಂತಿಯಿಂದೀಚೆಗೆ ಮೇಲ್ಪದರದ ನೀರಿನ ಪಿಎಚ್, ಅಂದರೆ ಆಮ್ಲೀಯತೆ ಹೆಚ್ಚಿದಷ್ಟೂ ಇಳಿಯುವ ಅಳತೆ, ಸುಮಾರು 8.2ರಿಂದ 8.1ಕ್ಕೆ ಇಳಿದಿದೆ (ನೀರು ಈಗಲೂ ಕ್ಷಾರೀಯವೇ, 'ಆಮ್ಲೀಕರಣ' ಎಂಬ ಪದ ಬದಲಾವಣೆಯ ದಿಕ್ಕನ್ನಷ್ಟೇ ಸೂಚಿಸುತ್ತದೆ). ಮುಂದೇನಾಗಬಹುದೆಂಬುದಕ್ಕೆ ಪಪುವಾ ನ್ಯೂಗಿನಿಯ ಮಿಲ್ನ್ ಕೊಲ್ಲಿಯೇ ಒಳ್ಳೆಯ ನಿದರ್ಶನ: ಜ್ವಾಲಾಮುಖಿ ಮೂಲದ ಇಂಗಾಲದ ಡೈಆಕ್ಸೈಡ್ ಕಡಲತಳದಿಂದ ಗುಳ್ಳೆಗುಳ್ಳೆಯಾಗಿ ಏಳುವ ಅಲ್ಲಿ, ಪಿಎಚ್ 7.8ರ ಆಸುಪಾಸಿನಲ್ಲಿ, ಕವಲೊಡೆಯುವ ಹವಳಗಳು ವಿರಳವಾಗಿ, ಬಂಡೆಯಂತೆ ಗುಂಡಗೆ ಬೆಳೆಯುವ ಪೋರೈಟಿಸ್ ಹವಳಗಳು ಮೇಲುಗೈ ಸಾಧಿಸಿವೆ. ಹವಳದ ಒಟ್ಟು ಹರವು ಹೆಚ್ಚೇನೂ ಕುಗ್ಗದಿದ್ದರೂ, ಕವಲುಗಳ ಸಂದಿಯಲ್ಲಿ ಅಡಗುವ ಸಿಗಡಿ, ಏಡಿಗಳಂಥ ಜೀವಿಗಳಿಗೆ ನೆಲೆ ತಪ್ಪಿದೆ. ಕಡಲಹುಲ್ಲು ಮಾತ್ರ ಸೊಂಪಾಗಿ ಬೆಳೆದಿದೆ.